ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ, ಎಷ್ಟು ಹೊತ್ತು: ತಪ್ಪಿಲ್ಲದೆ ಲೆಕ್ಕ ಹಾಕುವ ಕ್ರಮ

ಮಕ್ಕಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಡುವ ಹಿರಿಯರ ಟಿಕೆಟ್ ಓದಿ ಹೇಳುವ ಕೆಲಸ ನಮ್ಮ ಬಳಗದಲ್ಲಿ ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಕೇಳುವ ಪ್ರಶ್ನೆ ಒಂದೇ: ಎಷ್ಟು ದೂರ, ಎಷ್ಟು ಹೊತ್ತು? ತಪ್ಪುವ ಜಾಗಗಳೂ ಅವೇ. ಎರಡು ಗಡಿಯಾರಗಳ ಸಮಯವನ್ನು ನೇರವಾಗಿ ಕಳೆದು, ಎರಡೂವರೆ ಗಂಟೆಯಲ್ಲಿ ಅಮೆರಿಕ ತಲುಪಬಹುದೆಂದು ಗಾಬರಿಯಾಗುವವರಿದ್ದಾರೆ. ದೂರವನ್ನು ವೇಗದಿಂದ ಭಾಗಿಸಿ ಬಂದ ಗಂಟೆಗೆ ಸರಿಯಾಗಿ ನಿಲ್ದಾಣದ ಹೊರಗೆ ಕಾರು ತಂದು ನಿಲ್ಲಿಸುವವರಿದ್ದಾರೆ. ಎಲ್ಲ ಲೆಕ್ಕವೂ ಸರಿಯಿದ್ದು ತಾರೀಖು ಮಾತ್ರ ಒಂದು ದಿನ ತಪ್ಪುವವರು ಇವರೆಲ್ಲರಿಗಿಂತ ಹೆಚ್ಚು.

ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಭೂಗೋಳದ ಮೇಲೆ ಎರಡು ನಿಲ್ದಾಣಗಳ ನಡುವೆ ಎಷ್ಟು ಕಿಲೋಮೀಟರ್? ವಿಮಾನದೊಳಗೆ ಎಷ್ಟು ಗಂಟೆ? ಈ ಮನೆಯ ಬಾಗಿಲಿನಿಂದ ಆ ಮನೆಯ ಬಾಗಿಲಿಗೆ ಎಷ್ಟು ಗಂಟೆ? ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿದಾಗಲೇ ಲೆಕ್ಕ ಕೆಡುತ್ತದೆ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲಿಯೇ ಮಾಡಿ.

ಮೊದಲು ಕೈಗೆ ಬೇಕಾದವು

ಟಿಕೆಟ್‌ನ ಪೂರ್ತಿ ಪ್ರತಿ, ಒಂದು ಹಾಳೆ, ಪೆನ್ನು, ಸೈನ್ ಮತ್ತು ಕೊಸೈನ್ ಗುಂಡಿಗಳಿರುವ ಕ್ಯಾಲ್ಕುಲೇಟರ್. ಮೊಬೈಲ್ ಅನ್ನು ಅಡ್ಡ ಹಿಡಿದರೆ ಹೆಚ್ಚಿನ ಫೋನುಗಳ ಕ್ಯಾಲ್ಕುಲೇಟರ್‌ನಲ್ಲಿ ಈ ಗುಂಡಿಗಳು ಕಾಣಿಸುತ್ತವೆ. ಮನೆಯಲ್ಲಿ ಮಕ್ಕಳ ಭೂಗೋಳದ ಗ್ಲೋಬ್ ಮತ್ತು ಒಂದು ಮೊಳ ದಾರವಿದ್ದರೆ ಇನ್ನೂ ಒಳ್ಳೆಯದು. ಗೋಡೆಯ ಮೇಲಿನ ಪ್ರಪಂಚದ ನಕಾಶೆ ಮಾತ್ರ ಬೇಡ. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿದ ಆ ಹಾಳೆಯ ಮೇಲೆ ಸ್ಕೇಲು ಇಟ್ಟು ಅಳೆದ ದೂರ ಎಂದಿಗೂ ಸರಿಬರುವುದಿಲ್ಲ.

1. ನಿಲ್ದಾಣ ಯಾವುದೆಂದು ಖಚಿತಪಡಿಸಿಕೊಳ್ಳಿ

ಊರಿನ ಹೆಸರನ್ನು ನಂಬಬೇಡಿ. ಟಿಕೆಟ್ ಮೇಲಿನ ಮೂರಕ್ಷರದ ಸಂಕೇತವನ್ನು ನೋಡಿ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ಬಿಎಲ್‌ಆರ್, ಸ್ಯಾನ್ ಫ್ರಾನ್ಸಿಸ್ಕೊಗೆ ಎಸ್‌ಎಫ್‌ಒ.

ಸಿಲಿಕಾನ್ ವ್ಯಾಲಿಯಲ್ಲಿ ಮಕ್ಕಳಿರುವವರು ಇಲ್ಲಿ ಎರಡು ಪಟ್ಟು ಎಚ್ಚರವಾಗಿರಬೇಕು. ಅವರ ಮನೆಗೆ ಸ್ಯಾನ್ ಹೋಸೆ ನಿಲ್ದಾಣ ಹತ್ತಿರವಿರಬಹುದು, ಅದರ ಸಂಕೇತ ಎಸ್‌ಜೆಸಿ. ಮಧ್ಯ ಅಮೆರಿಕದ ಕೋಸ್ಟ ರಿಕ ದೇಶದ ರಾಜಧಾನಿಯ ಹೆಸರೂ ಸ್ಯಾನ್ ಹೋಸೆಯೇ, ಸಂಕೇತ ಎಸ್‌ಜೆಒ. ಒಂದು ಅಕ್ಷರ ತಪ್ಪಿದರೆ ದೇಶವೇ ತಪ್ಪುತ್ತದೆ. ಲಂಡನ್ ಎಂದಾಗಲೂ ಹೀಥ್ರೂ, ಗ್ಯಾಟ್ವಿಕ್, ಸ್ಟ್ಯಾನ್‌ಸ್ಟೆಡ್ ಎಂದು ಹಲವು ನಿಲ್ದಾಣಗಳಿವೆ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬೇಕಾದ ಟಿಕೆಟ್ ಅಗ್ಗವಾಗಿ ಕಂಡರೆ ಅದರ ನಿಜವಾದ ಬೆಲೆ ನಡುವಿನ ರಸ್ತೆಯಲ್ಲಿ ತಿಳಿಯುತ್ತದೆ.

2. ಅಕ್ಷಾಂಶ ಮತ್ತು ರೇಖಾಂಶ ಬರೆದುಕೊಳ್ಳಿ

ಬೆಂಗಳೂರು ನಿಲ್ದಾಣ: ಉತ್ತರ ಅಕ್ಷಾಂಶ 13.20, ಪೂರ್ವ ರೇಖಾಂಶ 77.71. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ: ಉತ್ತರ ಅಕ್ಷಾಂಶ 37.62, ಪಶ್ಚಿಮ ರೇಖಾಂಶ 122.38. ಬೇರೆ ನಿಲ್ದಾಣವಾದರೆ ಗೂಗಲ್ ಮ್ಯಾಪ್‌ನಲ್ಲಿ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿದರೆ ಈ ಎರಡು ಸಂಖ್ಯೆಗಳು ಸಿಗುತ್ತವೆ.

ಪಶ್ಚಿಮ ರೇಖಾಂಶಕ್ಕೆ ಋಣ ಚಿಹ್ನೆ ಹಾಕಲೇಬೇಕು, ಅಂದರೆ 122.38 ಅಲ್ಲ, −122.38. ದಕ್ಷಿಣ ಅಕ್ಷಾಂಶಕ್ಕೂ ಹಾಗೆಯೇ. ಈ ಗೆರೆ ಬಿಟ್ಟುಹೋದರೆ ನಿಮ್ಮ ಸ್ಯಾನ್ ಫ್ರಾನ್ಸಿಸ್ಕೊ ಚೀನಾದ ಶಾಂಡಾಂಗ್ ಪರ್ಯಾಯ ದ್ವೀಪದ ತುದಿಯ ಸಮುದ್ರದಲ್ಲಿ ಬಿದ್ದು, ದೂರ ಸುಮಾರು 5,200 ಕಿ.ಮೀ. ಎಂದು ಬರುತ್ತದೆ. ಅಷ್ಟು ಕಡಿಮೆ ಬಂದರೆ ಬೇರೆ ಏನನ್ನೂ ಹುಡುಕಬೇಡಿ, ಚಿಹ್ನೆಯನ್ನು ನೋಡಿ.

ಇನ್ನೊಂದು ತಪ್ಪು ಡಿಗ್ರಿ ಮತ್ತು ಮಿನಿಟುಗಳದ್ದು. 37 ಡಿಗ್ರಿ 37 ಮಿನಿಟು ಎಂದರೆ 37.37 ಅಲ್ಲ. ಒಂದು ಡಿಗ್ರಿಗೆ 60 ಮಿನಿಟು, ಆದ್ದರಿಂದ 37ನ್ನು 60ರಿಂದ ಭಾಗಿಸಬೇಕು. ಆಗ 37.62 ಬರುತ್ತದೆ. ಇದನ್ನು ಬಿಟ್ಟರೆ ನಿಲ್ದಾಣ ಇದ್ದ ಜಾಗದಿಂದ ಸುಮಾರು 28 ಕಿ.ಮೀ. ಸರಿಯುತ್ತದೆ.

3. ಭೂಗೋಳದ ಮೇಲಿನ ದೂರ ಲೆಕ್ಕ ಹಾಕಿ

ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಚಿಕ್ಕ ದಾರಿ ಮಹಾವೃತ್ತದ, ಅಂದರೆ ಗೋಳವನ್ನು ಸರಿಯಾಗಿ ಎರಡು ಅರ್ಧ ಮಾಡುವ ವೃತ್ತದ, ತುಂಡು. ಗ್ಲೋಬ್ ಮೇಲೆ ದಾರವನ್ನು ಬಿಗಿಯಾಗಿ ಹಿಡಿದರೆ ಅದು ತಾನಾಗಿಯೇ ಆ ದಾರಿಯಲ್ಲಿ ಕೂರುತ್ತದೆ. 30 ಸೆಂ.ಮೀ. ವ್ಯಾಸದ ಗ್ಲೋಬ್‌ನಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 425 ಕಿ.ಮೀ. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ದಾರ ಸುಮಾರು 33 ಸೆಂ.ಮೀ. ಬರುತ್ತದೆ. ಎಂದರೆ 14,000 ಕಿ.ಮೀ. ಸಮೀಪ.

ಕ್ಯಾಲ್ಕುಲೇಟರ್‌ನಲ್ಲಿ ಮಾಡುವುದು ಹೀಗೆ. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ: 0.2284 × 0.6104 = 0.1394. ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನು ಗುಣಿಸಿ: 0.9736 × 0.7921 = 0.7712. ಈಗ ರೇಖಾಂಶಗಳ ವ್ಯತ್ಯಾಸ: 77.71ರಿಂದ −122.38ನ್ನು ಕಳೆದರೆ 200.09 ಡಿಗ್ರಿ. ಅದರ ಕೊಸೈನ್ −0.9392. ಇದನ್ನು 0.7712ಕ್ಕೆ ಗುಣಿಸಿದರೆ −0.7243. ಮೊದಲ ಗುಣಲಬ್ಧ 0.1394ನ್ನು ಸೇರಿಸಿದರೆ −0.5849. ಯಾವ ಕೋನದ ಕೊಸೈನ್ ಇದು ಎಂದು ವಿಲೋಮ ಕೊಸೈನ್ (cos⁻¹) ಗುಂಡಿಯಿಂದ ಕೇಳಿದರೆ ಉತ್ತರ 125.8 ಡಿಗ್ರಿ. ಭೂಮಿಯ ಮೇಲೆ ಮಹಾವೃತ್ತದ ಒಂದು ಡಿಗ್ರಿಗೆ 111.2 ಕಿ.ಮೀ. ಗುಣಿಸಿ: 13,989 ಕಿ.ಮೀ.

2021ರ ಜನವರಿಯಲ್ಲಿ ಈ ಮಾರ್ಗದ ಮೊದಲ ನೇರ ಹಾರಾಟ ನಡೆಸಿದಾಗ ಏರ್ ಇಂಡಿಯಾ ಕೊಟ್ಟ ದೂರ 13,993 ಕಿ.ಮೀ. ಕೈಲೆಕ್ಕಕ್ಕೂ ಅದಕ್ಕೂ ನಾಲ್ಕೇ ಕಿಲೋಮೀಟರ್ ಅಂತರ. ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆಯಾಗಿರುವುದರಿಂದ ಪೂರ್ಣ ಗೋಳವೆಂದು ಹಿಡಿದ ಲೆಕ್ಕದಲ್ಲಿ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಪ್ರಯಾಣಿಕರು ಅದನ್ನು ಗಣಿಸಬೇಕಿಲ್ಲ.

ಉತ್ತರ ಅಸಂಬದ್ಧವಾಗಿ ಬಂದರೆ ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ರೇಡಿಯನ್ ಎಂಬ ಕೋನದ ಇನ್ನೊಂದು ಅಳತೆಯಲ್ಲಿದೆ. ಎಕ್ಸೆಲ್ ಮಾದರಿಯ ಹಾಳೆಗಳು ಯಾವಾಗಲೂ ರೇಡಿಯನ್‌ನಲ್ಲಿಯೇ ಲೆಕ್ಕ ಮಾಡುತ್ತವೆ, ಅಲ್ಲಿ ಡಿಗ್ರಿಯನ್ನು ಮೊದಲು ಬದಲಿಸಿಕೊಳ್ಳಬೇಕು. ಭೂಮಿಯ ಮೇಲೆ ಯಾವ ಎರಡು ಸ್ಥಳಗಳ ನಡುವೆಯೂ ಮಹಾವೃತ್ತದ ದೂರ ಸುಮಾರು 20,000 ಕಿ.ಮೀ. ಮೀರಲಾರದು. ಅದಕ್ಕಿಂತ ಹೆಚ್ಚು ಬಂದರೆ ಲೆಕ್ಕ ಹರಿದುಹಾಕಿ ಮತ್ತೆ ಮಾಡಿ.

ಇನ್ನು ಮೈಲಿಯ ಗೊಂದಲ. ವಿಮಾನಯಾನದಲ್ಲಿ ಬಳಸುವುದು ನಾಟಿಕಲ್ ಮೈಲಿ, ಅದು 1.852 ಕಿ.ಮೀ. ಅಮೆರಿಕದ ರಸ್ತೆಯ ಮೈಲಿ 1.609 ಕಿ.ಮೀ. ಇದೇ ದೂರ ನಾಟಿಕಲ್‌ನಲ್ಲಿ ಸುಮಾರು 7,550, ರಸ್ತೆ ಮೈಲಿಯಲ್ಲಿ ಸುಮಾರು 8,700. ಎರಡು ಕಡೆ ಎರಡು ಸಂಖ್ಯೆ ಕಂಡರೆ ಒಂದು ಸುಳ್ಳೆಂದು ತೀರ್ಮಾನಿಸುವ ಮೊದಲು ಯಾವ ಮೈಲಿ ಎಂದು ನೋಡಿ.

4. ವಿಮಾನ ನಿಜವಾಗಿ ಹೋಗುವ ದಾರಿಯ ಉದ್ದ

ಮೂರನೇ ಹಂತದಲ್ಲಿ ಸಿಕ್ಕಿದ್ದು ದಾರದ ದೂರ. ಆ ದಾರ ಬೆಂಗಳೂರಿನಿಂದ ಉತ್ತರ ಈಶಾನ್ಯಕ್ಕೆ ಹೊರಟು ಟಿಬೆಟ್, ಪಶ್ಚಿಮ ಮಂಗೋಲಿಯ, ಸೈಬೀರಿಯ ದಾಟಿ, 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಮೇಲಿಂದ ಕೆಳಗಿಳಿಯುತ್ತದೆ. ವಿಮಾನ ಆ ಗೆರೆಯ ಮೇಲೆಯೇ ಹೋಗುವುದು ಅಪರೂಪ.

ಕಾರಣಗಳು ಗಟ್ಟಿಯಾದವು. ಟಿಬೆಟ್ ಪ್ರಸ್ಥಭೂಮಿಯ ಮೇಲೆ ಕ್ಯಾಬಿನ್‌ನ ಗಾಳಿಯ ಒತ್ತಡ ಕುಸಿದರೆ ವಿಮಾನ ಉಸಿರಾಡಬಹುದಾದ 10,000 ಅಡಿಗೆ ತಕ್ಷಣ ಇಳಿಯಬೇಕು, ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಪ್ರಯಾಣಿಕರ ಆಮ್ಲಜನಕದ ಮುಖವಾಡ ಕೆಲಸ ಮಾಡುವುದು ಕೆಲವೇ ನಿಮಿಷ. ಆದ್ದರಿಂದ ವಿಮಾನಗಳು ಆ ಭಾಗವನ್ನು ಬಿಟ್ಟು ಸಾಮಾನ್ಯವಾಗಿ ಸುತ್ತಿಕೊಂಡು ಹೋಗುತ್ತವೆ. ಎರಡು ಎಂಜಿನ್‌ನ ವಿಮಾನ, ಒಂದು ಎಂಜಿನ್ ನಿಂತರೂ ನಿಗದಿತ ಸಮಯದೊಳಗೆ ಇಳಿಯಬಹುದಾದ ನಿಲ್ದಾಣವೊಂದನ್ನು ದಾರಿಯುದ್ದಕ್ಕೂ ಹತ್ತಿರದಲ್ಲಿ ಇಟ್ಟುಕೊಳ್ಳಬೇಕು. ಇವಕ್ಕೆ ದೇಶಗಳ ವೈಮನಸ್ಯವೂ ಸೇರುತ್ತದೆ. 2022ರ ಫೆಬ್ರುವರಿಯ ನಂತರ ರಷ್ಯಾದ ಆಕಾಶ ಯುರೋಪ್ ಒಕ್ಕೂಟದ ವಿಮಾನಗಳಿಗೆ ಮುಚ್ಚಿತು, ಬಳಿಕ ಅಮೆರಿಕದ ವಿಮಾನಗಳಿಗೂ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಒಂದೇ ಎರಡು ನಿಲ್ದಾಣಗಳ ನಡುವೆ ಎರಡು ಕಂಪನಿಗಳ ಅವಧಿ ಬೇರೆಯಾಗಲು ಇಂತಹ ನಿರ್ಬಂಧವೂ ಕಾರಣವಿರಬಹುದು.

ಲೆಕ್ಕಕ್ಕೆ ದಾರದ ದೂರದ ಮೇಲೆ ಶೇಕಡಾ 5 ಸೇರಿಸಿ. ಸುತ್ತು ಹೆಚ್ಚೆಂದು ತಿಳಿದಿದ್ದರೆ 8 ಅಥವಾ 10. ನಮ್ಮ ಉದಾಹರಣೆಯಲ್ಲಿ ಸುಮಾರು 14,700 ಕಿ.ಮೀ.

ನಡುವೆ ಇಳಿದು ಹತ್ತುವ ಟಿಕೆಟ್ ಆದರೆ ಪ್ರತಿ ತುಂಡನ್ನೂ ಬೇರೆಯಾಗಿ ಅಳೆದು ಕೂಡಿಸಬೇಕು. ದುಬೈ ಮೂಲಕ: 2,700 ಮತ್ತು 13,020, ಒಟ್ಟು ಸುಮಾರು 15,700 ಕಿ.ಮೀ. ಫ್ರಾಂಕ್‌ಫರ್ಟ್ ಮೂಲಕ: 7,400 ಮತ್ತು 9,150, ಒಟ್ಟು ಸುಮಾರು 16,550. ಭೂಪಟ ನೋಡಿದವರಿಗೆ ದುಬೈ ದಾರಿ ತಪ್ಪಿದ ದಿಕ್ಕಿನಂತೆ ಕಾಣುತ್ತದೆ, ದಾರ ಹಿಡಿದವರಿಗೆ ಹಾಗೆ ಕಾಣುವುದಿಲ್ಲ.

5. ಕಿಲೋಮೀಟರ್‌ನಿಂದ ಗಂಟೆಗೆ

ದೂರದ ಹಾರಾಟದ ದೊಡ್ಡ ವಿಮಾನಗಳು ಮೇಲೇರಿದ ಮೇಲೆ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹೋಗುತ್ತವೆ. 14,700ನ್ನು 900ರಿಂದ ಭಾಗಿಸಿದರೆ 16 ಗಂಟೆ 20 ನಿಮಿಷ. ನೆಲದ ಮೇಲೆ ರನ್‌ವೇವರೆಗೆ ತೆವಳುವುದು, ಮೇಲೇರುವುದು, ಇಳಿಯುವುದು, ಗೇಟ್‌ಗೆ ಬರುವುದು ಇವಕ್ಕೆ 40 ನಿಮಿಷ ಸೇರಿಸಿ. 17 ಗಂಟೆ. ಮೂರು ಸಾವಿರ ಕಿಲೋಮೀಟರ್‌ಗಿಂತ ಕಡಿಮೆ ದೂರಕ್ಕೆ 900ರ ಬದಲು 800 ಹಿಡಿಯಿರಿ, ಏಕೆಂದರೆ ಪೂರ್ಣ ವೇಗದಲ್ಲಿ ಹೋಗುವ ಭಾಗವೇ ಅಲ್ಲಿ ಚಿಕ್ಕದು.

ಗಾಳಿಯ ಪಾಲನ್ನು ಕೊನೆಯಲ್ಲಿ ಸೇರಿಸಬೇಕು. ವಿಮಾನ ಹಾರುವ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿಯ ಹೊಳೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ಮೀರುವುದುಂಟು. ಪೂರ್ವಕ್ಕೆ ಹೋಗುವ ವಿಮಾನವನ್ನು ಅದು ಬೆನ್ನ ಹಿಂದಿನಿಂದ ತಳ್ಳುತ್ತದೆ, ಪಶ್ಚಿಮಕ್ಕೆ ಹೋಗುವುದನ್ನು ಎದುರಿನಿಂದ ತಡೆಯುತ್ತದೆ. ಇದರಿಂದಲೇ ಹೋಗುವಾಗ 16 ಗಂಟೆ, ಬರುವಾಗ 17 ಗಂಟೆ 30 ನಿಮಿಷ ಎಂದು ಟಿಕೆಟ್ ಹೇಳಬಹುದು. ವಿಮಾನದ ಟಿಕೆಟ್‌ನಲ್ಲಿ ಹೋಗುವ ಮತ್ತು ಬರುವ ಅವಧಿ ಒಂದೇ ಆಗಿರಬೇಕೆಂದು ವಾದಿಸಬೇಡಿ. ಮೊದಲ ನೇರ ಹಾರಾಟದ ಸಂದರ್ಭದಲ್ಲಿಯೂ ಕಂಪನಿ ಹೇಳಿದ್ದು ಗಾಳಿಯನ್ನು ಅವಲಂಬಿಸಿ 17 ಗಂಟೆಗೂ ಹೆಚ್ಚು ಎಂದು.

ಈ ಹಂತದ ಉತ್ತರ ಅಂದಾಜು ಮಾತ್ರ. ಟಿಕೆಟ್ ಇನ್ನೂ ಕೊಳ್ಳದವರಿಗೆ ಇಷ್ಟು ಸಾಕು. ಟಿಕೆಟ್ ಕೈಯಲ್ಲಿದ್ದರೆ ಮುಂದಿನ ಹಂತವೇ ನಿಮ್ಮ ನಿಜವಾದ ಲೆಕ್ಕ.

6. ಟಿಕೆಟ್‌ನಿಂದ ಅವಧಿ ತೆಗೆಯಿರಿ

ಟಿಕೆಟ್ ಮೇಲಿರುವ ಪ್ರತಿ ಸಮಯವೂ ಆಯಾ ಊರಿನ ಗಡಿಯಾರದ್ದು. ಎರಡು ಊರುಗಳ ಸಮಯವನ್ನು ಹಾಗೆಯೇ ಕಳೆಯಬಾರದು. ಎರಡನ್ನೂ ಮೊದಲು ಒಂದೇ ಗಡಿಯಾರಕ್ಕೆ ತನ್ನಿ. ನಾನು ಎಲ್ಲವನ್ನೂ ಭಾರತದ ಸಮಯಕ್ಕೆ ತರುತ್ತೇನೆ, ಏಕೆಂದರೆ ಮನೆಯಲ್ಲಿ ಕಾಯುವವರು ನೋಡುವುದು ಆ ಗಡಿಯಾರವನ್ನು.

ಕ್ಯಾಲಿಫೋರ್ನಿಯಾ ಚಳಿಗಾಲದಲ್ಲಿ ನಮಗಿಂತ 13 ಗಂಟೆ 30 ನಿಮಿಷ ಹಿಂದೆ, ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ ಹಿಂದೆ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುತ್ತಾರೆ. ಯುರೋಪಿನಲ್ಲಿ ಈ ಬದಲಾವಣೆ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ. ಮಾರ್ಚ್ ನಡುವಿನಲ್ಲಿ ಫ್ರಾಂಕ್‌ಫರ್ಟ್ ಮೂಲಕ ಹೋಗುವವರು ಈ ಎರಡು ಅಥವಾ ಮೂರು ವಾರಗಳ ಅಂತರದಲ್ಲಿ ಸಿಕ್ಕಿಕೊಳ್ಳುತ್ತಾರೆ: ಅಮೆರಿಕ ಬದಲಾಗಿರುತ್ತದೆ, ಯುರೋಪ್ ಬದಲಾಗಿರುವುದಿಲ್ಲ. ಭಾರತ, ದುಬೈ, ಸಿಂಗಪುರಗಳಲ್ಲಿ ಗಡಿಯಾರ ವರ್ಷವಿಡೀ ಒಂದೇ.

ಉದಾಹರಣೆಗೆ ಜನವರಿಯ ಒಂದು ಟಿಕೆಟ್. ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಎಂದಿದೆ. ಅಲ್ಲಿನ ಸಂಜೆ 5ಕ್ಕೆ 13 ಗಂಟೆ 30 ನಿಮಿಷ ಸೇರಿಸಿದರೆ ನಮ್ಮಲ್ಲಿ ಮರುದಿನ ಬೆಳಿಗ್ಗೆ 6.30. ಮಧ್ಯಾಹ್ನ 2.30ರಿಂದ ಮರುದಿನ ಬೆಳಿಗ್ಗೆ 6.30ರವರೆಗೆ 16 ಗಂಟೆ.

ಬರುವಾಗ: ಬುಧವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟು ಶುಕ್ರವಾರ ಬೆಳಗಿನ 4ಕ್ಕೆ ಬೆಂಗಳೂರು. ಅಲ್ಲಿ ಬುಧವಾರ ರಾತ್ರಿ 9 ಎಂದರೆ ನಮ್ಮಲ್ಲಿ ಗುರುವಾರ ಬೆಳಿಗ್ಗೆ 10.30. ಅಲ್ಲಿಂದ ಶುಕ್ರವಾರ ಬೆಳಗಿನ 4ಕ್ಕೆ 17 ಗಂಟೆ 30 ನಿಮಿಷ.

ಲೆಕ್ಕ ಸರಿಯೇ ಎಂದು ನೋಡಲು ನನಗೆ ಬಹಳ ಇಷ್ಟವಾದ ಒಂದು ತಾಳೆ ಇದೆ. ಹೋಗುವಾಗ ಗಡಿಯಾರಗಳ ನೇರ ವ್ಯತ್ಯಾಸ ಎರಡೂವರೆ ಗಂಟೆ. ಬರುವಾಗ ನೇರ ವ್ಯತ್ಯಾಸ 31 ಗಂಟೆ. ಕೂಡಿದರೆ 33 ಗಂಟೆ 30 ನಿಮಿಷ. ನಿಜವಾದ ಅವಧಿಗಳಾದ 16 ಮತ್ತು 17.30 ಕೂಡಿದರೂ 33 ಗಂಟೆ 30 ನಿಮಿಷ. ಹೋಗುವಾಗ ಗಡಿಯಾರ ನುಂಗಿದ್ದನ್ನು ಬರುವಾಗ ಕಕ್ಕುತ್ತದೆ, ಆದ್ದರಿಂದ ಈ ಎರಡು ಮೊತ್ತಗಳು ಸಮನಾಗಲೇಬೇಕು. ಆಗದಿದ್ದರೆ ಎಲ್ಲೋ ಕೂಡುವ ಬದಲು ಕಳೆದಿದ್ದೀರಿ, ಇಲ್ಲವೇ ಎರಡು ಪ್ರಯಾಣಗಳ ನಡುವೆ ಅಮೆರಿಕದ ಗಡಿಯಾರ ಬದಲಾಗಿದೆ. ಎರಡನೆಯದಾದರೆ ವ್ಯತ್ಯಾಸ ಸರಿಯಾಗಿ ಒಂದು ಗಂಟೆ ಬರುತ್ತದೆ.

7. ತಾರೀಖನ್ನು ಬೇರೆಯಾಗಿ ಬರೆಯಿರಿ

ಇದಕ್ಕೆ ಒಂದು ಹಂತವನ್ನೇ ಮೀಸಲಿಟ್ಟಿದ್ದೇನೆ, ಏಕೆಂದರೆ ಜನ ನಿಲ್ದಾಣದಲ್ಲಿ ಒಂಟಿಯಾಗಿ ಕೂರಬೇಕಾಗಿ ಬರುವುದು ಈ ತಪ್ಪಿನಿಂದ.

ನಮ್ಮ ಪಂಚಾಂಗದಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ. ಮಾತಿನಲ್ಲಿಯೂ ಹಾಗೆಯೇ: ಗುರುವಾರ ಮಲಗಿ ನಡುರಾತ್ರಿಯ ನಂತರ ಮೂರಕ್ಕೆ ಎದ್ದರೆ ಹಿರಿಯರು ಅದನ್ನು ಗುರುವಾರ ರಾತ್ರಿ ಎನ್ನುತ್ತಾರೆ. ವಿಮಾನದ ಟಿಕೆಟ್‌ಗೆ ಅದು ಶುಕ್ರವಾರ. ಗಲ್ಫ್ ಕಡೆಗೆ ಮತ್ತು ಯುರೋಪಿನ ಕಡೆಗೆ ಬೆಂಗಳೂರಿನಿಂದ ಹೊರಡುವ ಬಹಳಷ್ಟು ವಿಮಾನಗಳು ನಡುರಾತ್ರಿಯಿಂದ ಬೆಳಗಿನ ಐದರೊಳಗೆ ಹಾರುತ್ತವೆ. 11ನೇ ತಾರೀಖು 3 ಗಂಟೆಯ ವಿಮಾನಕ್ಕೆ ಮನೆ ಬಿಡಬೇಕಾದದ್ದು 10ನೇ ತಾರೀಖು ಸಂಜೆ. ನನ್ನ ಚಿಕ್ಕಮ್ಮ 11ರ ಸಂಜೆ ದೇವರಿಗೆ ದೀಪ ಹಚ್ಚಿ, ಹಣೆಗೆ ಕುಂಕುಮವಿಟ್ಟುಕೊಂಡು ಹೊರಡಲು ಸಿದ್ಧರಾಗಿದ್ದರು. ವಿಮಾನ ಹೋಗಿ ಹದಿನೈದು ಗಂಟೆಯಾಗಿತ್ತು. ಆ ದಿನದ ಅವರ ಮುಖ ನನಗೆ ಈಗಲೂ ಮರೆತಿಲ್ಲ. ಟಿಕೆಟ್‌ಗಳನ್ನು ನಾನೇ ಓದಿ ಹೇಳಬೇಕೆಂದು ನಿಶ್ಚಯಿಸಿದ್ದು ಅಂದೇ.

ಆದ್ದರಿಂದ ಹಾಳೆಯ ಮೇಲೆ ಹೀಗೆ ಬರೆಯಿರಿ: "10ನೇ ತಾರೀಖು ಗುರುವಾರ, ಸಂಜೆಯೇ ಊಟ ಮುಗಿಸಿ ಮನೆ ಬಿಡುವುದು. ಅಂದು ಮಲಗುವಂತಿಲ್ಲ." ಗಂಟೆಯೊಂದನ್ನೇ ಬರೆಯಬೇಡಿ. ಬೆಳಗಿನ ಮೂರು ಮತ್ತು ಮಧ್ಯಾಹ್ನದ ಮೂರು ಬೇರೆಯೆಂದು ತೋರಿಸಲು 03.00 ಮತ್ತು 15.00 ಎಂಬ ಇಪ್ಪತ್ನಾಲ್ಕು ಗಂಟೆಯ ರೂಪವನ್ನು ಪಕ್ಕದಲ್ಲಿ ಬರೆಯಿರಿ.

ತಲುಪುವ ಸಮಯದ ಪಕ್ಕ ಚಿಕ್ಕದಾಗಿ +1 ಅಥವಾ +2 ಎಂದಿರುತ್ತದೆ. ಹೊರಟ ತಾರೀಖಿಗೆ ಅಷ್ಟು ದಿನ ಸೇರಿಸಬೇಕೆಂದು ಅದರ ಅರ್ಥ. ಆ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಜನವರಿ 9ರ ರಾತ್ರಿ ಹೊರಟು ಬೆಂಗಳೂರಿಗೆ ಬಂದಿಳಿದದ್ದು ಜನವರಿ 11ರ ಬೆಳಗಿನ ಜಾವ. ಹಾರಿದ್ದು ಹದಿನೇಳು ಗಂಟೆ ಚಿಲ್ಲರೆ, ಕ್ಯಾಲೆಂಡರ್‌ನಲ್ಲಿ ಜಾರಿದ್ದು ಎರಡು ತಾರೀಖು.

8. ನಡುವಿನ ನಿಲ್ದಾಣದ ಸಮಯ

ಇಡೀ ಲೆಕ್ಕದಲ್ಲಿ ಗಡಿಯಾರವನ್ನು ನೇರವಾಗಿ ಕಳೆಯಬಹುದಾದ ಒಂದೇ ಜಾಗ ಇದು. ದುಬೈಗೆ 06.30ಕ್ಕೆ ತಲುಪಿ 10.00ಕ್ಕೆ ಹೊರಡುವುದಾದರೆ ಎರಡೂ ದುಬೈ ಗಡಿಯಾರವೇ, ನಡುವೆ ಮೂರೂವರೆ ಗಂಟೆ.

ಆದರೆ ಕೈಗೆ ಸಿಗುವುದು ಅಷ್ಟಲ್ಲ. ಇಳಿಯಲು ಇಪ್ಪತ್ತು ನಿಮಿಷ, ಮತ್ತೊಮ್ಮೆ ಭದ್ರತಾ ತಪಾಸಣೆ, ಗೇಟ್‌ನಿಂದ ಗೇಟ್‌ಗೆ ನಡಿಗೆ. ಅಮೆರಿಕಕ್ಕೆ ಹೋಗುವ ವಿಮಾನಕ್ಕೆ ಹತ್ತಿಸಿಕೊಳ್ಳುವುದು ಒಂದು ಗಂಟೆ ಮೊದಲೇ ಶುರುವಾಗುತ್ತದೆ, ಹೊರಡುವ ಹದಿನೈದಿಪ್ಪತ್ತು ನಿಮಿಷ ಮುಂಚೆ ಗೇಟ್ ಮುಚ್ಚುತ್ತದೆ. ಮಂಡಿನೋವಿರುವವರಿಗೆ ಎರಡೂವರೆ ಗಂಟೆಗಿಂತ ಕಡಿಮೆ ಇರುವ ಟಿಕೆಟ್ ಕೊಳ್ಳಬೇಡಿ, ಗಾಲಿಕುರ್ಚಿಯನ್ನು ಟಿಕೆಟ್ ಮಾಡಿಸುವಾಗಲೇ ಕೇಳಿ.

ಎರಡು ಹಾರಾಟಗಳೂ ಒಂದೇ ಪಿಎನ್‌ಆರ್ ಅಡಿಯಲ್ಲಿವೆಯೇ ನೋಡಿ. ಎರಡು ಬೇರೆ ಟಿಕೆಟ್ ಆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಲಗೇಜನ್ನು ತೆಗೆದು ಮತ್ತೆ ಕೊಡಬೇಕಾಗಬಹುದು, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು.

ಅಮೆರಿಕದೊಳಗೆ ಇನ್ನೊಂದು ವಿಮಾನ ಹಿಡಿಯುವುದಾದರೆ, ಮೊದಲು ಇಳಿಯುವ ಊರಿನಲ್ಲಿಯೇ ಇಮಿಗ್ರೇಷನ್ ಮುಗಿಯಬೇಕು. ಸಾಮಾನ್ಯವಾಗಿ ಲಗೇಜನ್ನೂ ತೆಗೆದು ಮತ್ತೆ ಕೊಡಬೇಕು. ಅಲ್ಲಿ ಮೂರು ಗಂಟೆ ಇರಲಿ. ಅಬುಧಾಬಿ ಮೂಲಕ ಹೋಗುವವರಿಗೆ ಲೆಕ್ಕ ತಲೆಕೆಳಗು: ಅಮೆರಿಕದ ಇಮಿಗ್ರೇಷನ್ ತಪಾಸಣೆ ಅಬುಧಾಬಿಯಲ್ಲಿಯೇ ನಡೆಯುತ್ತದೆ, ಆದ್ದರಿಂದ ನಡುವಿನ ನಿಲ್ದಾಣದಲ್ಲಿ ಹೆಚ್ಚು ಹೊತ್ತು ಬೇಕು, ಇಳಿದ ಮೇಲೆ ಕಡಿಮೆ.

9. ಮನೆಯಿಂದ ಮನೆಗೆ

ಮೈಸೂರಿನಿಂದ ಹೊರಟು ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದಿಂದ ಫ್ರೀಮಾಂಟ್‌ನ ಮಗಳ ಮನೆಗೆ ಹೋಗುವ ಅಮ್ಮನ ಲೆಕ್ಕ ಹಾಕೋಣ. ಕೆಎಸ್‌ಆರ್‌ಟಿಸಿ ಫ್ಲೈಬಸ್ ಮೈಸೂರಿನಿಂದ ನೇರ ವಿಮಾನ ನಿಲ್ದಾಣಕ್ಕೆ ಬರುತ್ತದೆ. ಬೆಂಗಳೂರಿನ ದಟ್ಟಣೆಯನ್ನೂ ಸೇರಿಸಿ 5 ಗಂಟೆ ಹಿಡಿಯಿರಿ. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಲ್ಲಿವೆ, ಅಲ್ಲಿ 3 ಗಂಟೆ ಮೊದಲೇ ಇರಬೇಕು. ದುಬೈಗೆ ಹಾರಾಟ 4 ಗಂಟೆ. ಅಲ್ಲಿ ಕಾಯುವುದು ಮೂರೂವರೆ. ಮುಂದಿನ ಹಾರಾಟ 16. ಇಳಿದ ಮೇಲೆ ಇಮಿಗ್ರೇಷನ್ ಮತ್ತು ಲಗೇಜ್ ಎರಡು ಗಂಟೆ. ಫ್ರೀಮಾಂಟ್‌ಗೆ ಕಾರಿನಲ್ಲಿ ಒಂದು ಗಂಟೆ.

ಒಟ್ಟು ಮೂವತ್ತನಾಲ್ಕೂವರೆ ಗಂಟೆ. ಆಕಾಶದಲ್ಲಿ ಕಳೆದದ್ದು ಇಪ್ಪತ್ತು. ಈ ಎರಡು ಸಂಖ್ಯೆಗಳನ್ನೂ ಅಮ್ಮನಿಗೆ ಮೊದಲೇ ಹೇಳಿ. ಇಪ್ಪತ್ತು ಗಂಟೆಗೆ ಮನಸ್ಸು ಗಟ್ಟಿ ಮಾಡಿಕೊಂಡು ಹೊರಟವರು ಕೊನೆಯ ಇಮಿಗ್ರೇಷನ್ ಸಾಲಿನಲ್ಲಿ ಕುಸಿಯುವುದನ್ನು ಕಂಡಿದ್ದೇನೆ.

ಮಾತ್ರೆ ಮತ್ತು ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ಹಂತ ಪ್ರಾಣದ ಪ್ರಶ್ನೆ. "ಬೆಳಿಗ್ಗೆ ಒಂದು, ರಾತ್ರಿ ಒಂದು" ಎಂಬ ಚೀಟಿ ಈ ಪ್ರಯಾಣದಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಕಿಟಕಿಯ ಹೊರಗಿನ ಬೆಳಗು ನಂಬಿಕೆಗೆ ಅರ್ಹವಲ್ಲ. ಮನೆ ಬಿಟ್ಟ ಹೊತ್ತನ್ನು ಸೊನ್ನೆಯೆಂದು ಹಿಡಿದು ಗಂಟೆಗಳ ಪಟ್ಟಿ ಮಾಡಿ, ಅದನ್ನು ವೈದ್ಯರಿಗೆ ತೋರಿಸಿ, ಯಾವ ಗಂಟೆಗೆ ಯಾವ ಔಷಧ ಎಂದು ಬರೆಸಿಕೊಳ್ಳಿ. ಕೈಗಡಿಯಾರವನ್ನು ಇಳಿಯುವವರೆಗೆ ಭಾರತದ ಸಮಯದಲ್ಲಿಯೇ ಬಿಡಿ. ಮೊಬೈಲ್ ತಾನಾಗಿ ಸಮಯ ಬದಲಿಸಿಕೊಳ್ಳುತ್ತದೆ, ಪ್ರಯಾಣದ ನಡುವೆ ಅದನ್ನು ನೋಡಿ ಮಾತ್ರೆ ನುಂಗಬಾರದು. ಔಷಧ ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ.

10. ಅಪಾಯದ ಗುರುತುಗಳು

ಹಾಳೆ ತುಂಬಿದ ಮೇಲೆ ಒಮ್ಮೆ ಕಣ್ಣಾಡಿಸಿ. ಪ್ರತಿ ಹಾರಾಟದ ಕಿಲೋಮೀಟರ್‌ಗಳನ್ನು ಅದರ ಗಂಟೆಗಳಿಂದ ಭಾಗಿಸಿ. ದೂರದ ಹಾರಾಟಕ್ಕೆ 720ರಿಂದ 950ರ ನಡುವೆ ಬರಬೇಕು. ನಮ್ಮ ನೇರ ಹಾರಾಟಕ್ಕೆ 13,989ನ್ನು 16ರಿಂದ ಭಾಗಿಸಿದರೆ 874, ಸರಿಯಾಗಿದೆ. 1,000 ದಾಟಿದರೆ ಗಡಿಯಾರದ ವ್ಯತ್ಯಾಸವನ್ನು ತಪ್ಪು ದಿಕ್ಕಿಗೆ ಸೇರಿಸಿದ್ದೀರಿ. 600ಕ್ಕಿಂತ ಕಡಿಮೆಯಾದರೆ ನಡುವೆ ಎಲ್ಲೋ ಇಳಿಯುವ ವಿಮಾನವಿರಬಹುದು. ಟಿಕೆಟ್‌ನಲ್ಲಿ "ಡೈರೆಕ್ಟ್" ಎಂದಿದ್ದರೂ ವಿಮಾನ ನಡುವೆ ನಿಲ್ಲಬಹುದು. ಎಲ್ಲಿಯೂ ನಿಲ್ಲದ್ದಕ್ಕೆ "ನಾನ್‌ಸ್ಟಾಪ್" ಎನ್ನುತ್ತಾರೆ.

ಟಿಕೆಟ್ ಮಾಡಿಸಿದ ಮೇಲೆ ಕಂಪನಿ ಸಮಯ ಬದಲಿಸಬಹುದು, ಅದರಲ್ಲಿಯೂ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯಲ್ಲಿ, ವಿಮಾನಗಳ ವೇಳಾಪಟ್ಟಿ ಋತುವಿನೊಂದಿಗೆ ಬದಲಾಗುವಾಗ. ಆರು ತಿಂಗಳ ಹಿಂದೆ ಮುದ್ರಿಸಿಟ್ಟ ಹಾಳೆಯನ್ನು ನಂಬಿ ಹೊರಡಬೇಡಿ. ಹೊರಡುವ ಮೂರು ದಿನ ಮೊದಲು ಒಮ್ಮೆ, ಹಿಂದಿನ ದಿನ ಒಮ್ಮೆ ಪಿಎನ್‌ಆರ್ ಹಾಕಿ ನೋಡಿ.

ಕರೆದೊಯ್ಯಲು ಬರುವವರಿಗೆ ತಲುಪುವ ಸಮಯವನ್ನು ಅವರ ಊರಿನ ಗಡಿಯಾರದಲ್ಲಿ, ವಾರ ಮತ್ತು ತಾರೀಖಿನ ಸಮೇತ ಕಳಿಸಿ. ವಿಮಾನದ ಸಂಖ್ಯೆಯನ್ನೂ ಕಳಿಸಿ, ಅದನ್ನು ಹಾಕಿ ನೋಡಿದರೆ ವಿಮಾನ ಎಲ್ಲಿದೆಯೆಂದು ಅವರೇ ತಿಳಿಯಬಹುದು. ಅಪ್ಪ ಅಮ್ಮನ ಕೈಯಲ್ಲಿ ಕೊಡುವ ಹಾಳೆಯಲ್ಲಿ ಕನ್ನಡದಲ್ಲಿ, ದಪ್ಪಕ್ಷರದಲ್ಲಿ, ಭಾರತದ ಸಮಯವನ್ನು ಮೇಲೆ, ಆಯಾ ಊರಿನ ಸಮಯವನ್ನು ಕೆಳಗೆ ಬರೆಯಿರಿ. ಎರಡು ಪ್ರತಿ ಮಾಡಿ: ಒಂದು ಪಾಸ್‌ಪೋರ್ಟ್ ಜೊತೆ, ಇನ್ನೊಂದು ಅಂಗಿಯ ಜೇಬಿನಲ್ಲಿ ಅಥವಾ ಕೈಚೀಲದ ಹೊರಪದರದಲ್ಲಿ.